ಸವಳು ನೀರು ಮತ್ತು ಒಡೆದ ಲೇಟೆಕ್ಸ್: ಭೋಸರಿಯ ಗ್ಯಾಸ್ಕೆಟ್ ಹಾಳೆ ಘಟಕವೊಂದರ ಪ್ರಕರಣ ಅಧ್ಯಯನ

ಏಪ್ರಿಲ್ ತಿಂಗಳ ನಡುವೆ ಚಾಕಣದ ಒಂದು ಡೈ ಕಟಿಂಗ್ (ಅಚ್ಚಿನಿಂದ ಹಾಳೆ ಕತ್ತರಿಸುವ) ಅಂಗಡಿಯಿಂದ 0.8 ಮಿ.ಮೀ. ದಪ್ಪದ ಗ್ಯಾಸ್ಕೆಟ್ ಹಾಳೆಗಳು, ಅಂದರೆ ಯಂತ್ರಭಾಗಗಳ ಸಂದಿನಲ್ಲಿ ಸೋರದಂತೆ ಇಡುವ ಹಾಳೆಗಳು, ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಘಟಕಕ್ಕೆ ವಾಪಸು ಬಂದವು. ವಾಟರ್ ಪಂಪ್ ಗ್ಯಾಸ್ಕೆಟ್ ಕತ್ತರಿಸಿದಾಗ ಬೋಲ್ಟ್ ತೂತಿನ ಅಂಚು ನಯವಾಗಿ ಬರುವ ಬದಲು ಎಳೆ ಎದ್ದು ನಿಲ್ಲುತ್ತಿತ್ತು. ಎರಡು ತೂತುಗಳ ನಡುವಿನ ಸಣ್ಣ ಪಟ್ಟಿ ಬೆರಳಿಗೆ ಸಿಕ್ಕಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಅದೇ ವಾರ ಘಟಕದ ಒಳಗೂ ತಾಪತ್ರಯ ಶುರುವಾಗಿತ್ತು. ಮೊದಲನೇ ಡ್ರೈಯರ್ ಸಿಲಿಂಡರಿಗೆ (ಒಣಗಿಸುವ ಬಿಸಿ ಉರುಳೆ) ಹಾಳೆ ಅಂಟಿ ಹರಿಯುತ್ತಿತ್ತು, ಪ್ರೆಸ್ ಫೆಲ್ಟನ್ನು (ಹಾಳೆ ಒತ್ತುವಾಗ ನೀರು ಹೀರುವ ಬಟ್ಟೆ) ಪಾಳಿಗೆ ಎರಡು ಸಲ ನಿಲ್ಲಿಸಿ ತೊಳೆಯಬೇಕಾಗುತ್ತಿತ್ತು, ವೈರ್ (ಸೋಸುವ ಜಾಲರಿ) ಕೆಳಗೆ ಸೋಸಿ ಇಳಿದ ನೀರು, ಅಂದರೆ ಬ್ಯಾಕ್‌ವಾಟರ್ ಬೆಳ್ಳಗಾಗಿತ್ತು.

ಹಾಳೆಯ ಪಾಕ ಬದಲಾಗಿರಲಿಲ್ಲ, ಯಂತ್ರವೂ ಬದಲಾಗಿರಲಿಲ್ಲ. ಬದಲಾಗಿದ್ದು ನೀರು. ಆದರೆ ಆ ಮಾತಿಗೆ ಬರಲು ಘಟಕಕ್ಕೆ ಒಂದು ತಿಂಗಳು ಹಿಡಿಯಿತು. ಒಂದೇ ನೀರು ಎರಡು ಬೇರೆ ಬೇರೆ ದಾರಿಯಲ್ಲಿ ಕೆಡಿಸುತ್ತಿತ್ತು, ಮತ್ತು ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟುತ್ತಿರಲಿಲ್ಲ. ಈ ಬರಹ ಆ ಎರಡು ದಾರಿಗಳನ್ನು ಬಿಡಿಸಿ ತೋರಿಸುವುದಕ್ಕಾಗಿ.

ಹಾಳೆ ಆಗುವ ಬಗೆ

ಇದು ಕಾಗದ ಮಾಡುವ ವಿಧಾನವೇ. ನಾರನ್ನು ನೀರಿನಲ್ಲಿ ಹರಡಿ, ಜಾಲರಿಯ ಮೇಲೆ ಸೋಸಿ, ಒತ್ತಿ, ಒಣಗಿಸುವುದು. ವ್ಯತ್ಯಾಸ ಅಂಟಿನಲ್ಲಿದೆ. ಕಾಗದದಲ್ಲಿ ನಾರು ನಾರಿಗೆ ತಾನೇ ಹಿಡಿದುಕೊಳ್ಳುತ್ತದೆ. ಗ್ಯಾಸ್ಕೆಟ್ ಹಾಳೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಜೇಡಿಪುಡಿ ಇರುವುದರಿಂದ ಅಷ್ಟು ಸಾಲದು, ಎಣ್ಣೆಗೆ ಬಗ್ಗದ ರಬ್ಬರ್ ಬೇಕು. ಆ ರಬ್ಬರನ್ನು ಲೇಟೆಕ್ಸ್ ರೂಪದಲ್ಲಿ, ಅಂದರೆ ರಬ್ಬರ್ ಕಣಗಳು ನೀರಿನಲ್ಲಿ ತೇಲುವ ಹಾಲಿನಂಥ ದ್ರವವಾಗಿ, ನಾರು ಅರೆಯುವ ತೊಟ್ಟಿಯಾದ ಬೀಟರಿಗೇ ಸುರಿದು, ಅದು ನಾರು ಮತ್ತು ಪುಡಿಯ ಮೈಮೇಲೆ ಸಣ್ಣ ಸಣ್ಣ ಕಣಗಳಾಗಿ ಕೂರುವಂತೆ ಮಾಡಬೇಕು. ಒಣಗಿದ ಹಾಳೆಯನ್ನು ಆಮೇಲೆ ಲೇಟೆಕ್ಸಿನಲ್ಲಿ ಅದ್ದುವ ಪದ್ಧತಿಯೂ ಉಂಟು. ಆದರೆ ದಪ್ಪ ಹಾಳೆಯಲ್ಲಿ ಒಣಗುವಾಗ ನೀರಿನ ಜೊತೆ ಲೇಟೆಕ್ಸ್ ಮೇಲ್ಮೈಗೆ ಬಂದು, ಒಳಗಿನ ನಡುಪದರ ಬಡವಾಗಿ ಬಿರಿಯುತ್ತದೆ. ಗ್ಯಾಸ್ಕೆಟಿಗೆ ಬೀಟರಿನಲ್ಲೇ ಕೂರಿಸುವುದು ಸರಿ.

ಕಲ್ನಾರಿನ ಕಾಲದಲ್ಲಿ ಈ ಕೆಲಸ ಸಲೀಸಾಗಿತ್ತು. ಕ್ರೈಸೋಟೈಲ್ ಕಲ್ನಾರಿನ ಮೈಮೇಲೆ ನೀರಿನಲ್ಲಿ ಧನ ವಿದ್ಯುದಂಶ ಇರುತ್ತದೆ, ಲೇಟೆಕ್ಸ್ ಕಣದ ಮೇಲೆ ಋಣ. ಒಂದನ್ನೊಂದು ಎಳೆದುಕೊಳ್ಳುತ್ತಿದ್ದವು. ಯುರೋಪಿನ ಒಕ್ಕೂಟ 2005ರ ಜನವರಿ 1ರಿಂದ ಕಲ್ನಾರನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ವಾಹನ ತಯಾರಕರ ಬೇಡಿಕೆ ಬದಲಾದ ಹಾಗೆ ಪುಣೆ ಸುತ್ತಲಿನ ಗ್ಯಾಸ್ಕೆಟ್ ಘಟಕಗಳೂ ಮರದ ಪಲ್ಪ್, ಅರಾಮಿಡ್ (ಬಿಸಿ ತಡೆಯುವ ಕೃತಕ ನಾರು) ಪಲ್ಪ್, ಗಾಜಿನ ನಾರಿನ ಕಡೆ ಹೊರಳಿದವು. ಮರದ ನಾರು, ಜೇಡಿ, ಲೇಟೆಕ್ಸ್ ಮೂರೂ ಋಣ. ಹಾಗಾಗಿ ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಕೆಲಸ ಆಲಂನದು, ಅಂದರೆ ಕಾಗದ ಗಿರಣಿಯ ಪಟಿಕದ್ದು. ಪಿಎಚ್ 4.5ರಿಂದ 5ರ ನಡುವೆ ಆಲಂನ ಅಲ್ಯುಮಿನಿಯಂ ಬಲವಾದ ಧನ ವಿದ್ಯುದಂಶದ ಕಣಗಳಾಗಿ ಇರುತ್ತದೆ. ಪಿಎಚ್ 6 ದಾಟಿದರೆ ಅದೇ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಆಗಿ ಲೋಳೆಯಂತೆ ಗೂಡುಕಟ್ಟುತ್ತದೆ, ಅದರ ಕಸುವು ಹೋಗುತ್ತದೆ, ನೀರು ಸೋಸುವುದೂ ನಿಧಾನವಾಗುತ್ತದೆ. ಇಡೀ ಪ್ರಕರಣದ ಕೀಲಿ ಈ ಒಂದೂವರೆ ಪಿಎಚ್ ಅಂತರದಲ್ಲಿದೆ.

ಘಟಕದ ಒಂದು ಬೀಟರ್ ಅಂದರೆ 8,000 ಲೀಟರ್, ಅದರಲ್ಲಿ 240 ಕೆ.ಜಿ. ಒಣ ಸಾಮಗ್ರಿ, ಅಂದರೆ ಶೇ. 3. ಅದರ ಲೆಕ್ಕ ಹೀಗಿತ್ತು: ಬಿಳುಪುಗೊಳಿಸದ ಸಾಫ್ಟ್‌ವುಡ್ ಕ್ರಾಫ್ಟ್ ಪಲ್ಪ್ 48 ಕೆ.ಜಿ., ಅರಾಮಿಡ್ ಪಲ್ಪ್ 14.4 ಕೆ.ಜಿ., ಚೀನಾ ಕ್ಲೇ (ಜೇಡಿಪುಡಿ) 134.4 ಕೆ.ಜಿ., ಎನ್‌ಬಿಆರ್ (ನೈಟ್ರೈಲ್ ರಬ್ಬರ್) ಲೇಟೆಕ್ಸ್ ಒಣ ಲೆಕ್ಕದಲ್ಲಿ 38.4 ಕೆ.ಜಿ. (ಶೇ. 40ರ ಲೇಟೆಕ್ಸ್ 96 ಕೆ.ಜಿ.), ಝಿಂಕ್ ಆಕ್ಸೈಡ್, ಗಂಧಕ, ಆಕ್ಸಲರೇಟರ್, ಆಂಟಿಆಕ್ಸಿಡೆಂಟ್ ಸೇರಿದ ರಬ್ಬರ್ ಗಟ್ಟಿಗೊಳಿಸುವ ಕ್ಯೂರಿಂಗ್ ಪೇಸ್ಟ್ ಒಣ ಲೆಕ್ಕದಲ್ಲಿ 4.8 ಕೆ.ಜಿ. ಇದರ ಮೇಲೆ ಆಲಂ 10.8 ಕೆ.ಜಿ., ಒಣ ಸಾಮಗ್ರಿಯ ಶೇ. 4.5.

ಕ್ಲೇ ಬದಲು ಅಗ್ಗದ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕುವ ಆಸೆ ಕೆಲವರಿಗೆ ಬರುತ್ತದೆ. ಆಲಂ ವಿಧಾನದಲ್ಲಿ ಅದು ಆಗದ ಮಾತು. ಆಮ್ಲದಲ್ಲಿ ಕರಗಿ, ಗುಳ್ಳೆ ಎಬ್ಬಿಸಿ, ಪಿಎಚ್ ಏರಿಸಿ ಆಲಂ ನುಂಗುತ್ತದೆ. ಈ ಘಟಕದಲ್ಲಿ ಕ್ಲೇ ಮೂಟೆಯ ಮೇಲೆ ಎರಡು ತೊಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೊರೆ ಬರುವುದಿಲ್ಲ ಅಂತ ಮೊದಲೇ ಖಾತ್ರಿ ಮಾಡಿಕೊಂಡಿದ್ದರು. ಹಾಗಾಗಿ ಆ ಅನುಮಾನ ಬೇಗ ಮುಗಿಯಿತು.

ಮೊದಲ ಅನುಮಾನಗಳು

ಲೇಟೆಕ್ಸ್ ಕೊಟ್ಟವರ ಮೇಲೆ ಬೆರಳು ತೋರುವುದು ಸಹಜ. ಬ್ಯಾಕ್‌ವಾಟರ್ ಬೆಳ್ಳಗಾದರೆ ಲೇಟೆಕ್ಸ್ ಕೂತಿಲ್ಲ, ಹಾಳೆಯಲ್ಲಿ ರಬ್ಬರ್ ಗಂಟು ಬಂದರೆ ಲೇಟೆಕ್ಸ್ ಕೆಟ್ಟಿದೆ ಅನ್ನುವುದು ಮೊದಲ ತೀರ್ಮಾನ. ಆದರೆ ಇಲ್ಲಿನ ಹಾಗೆ ಈ ಎರಡೂ ಒಟ್ಟಿಗೆ ಕಂಡಾಗಲೇ ನಿಂತು ಯೋಚಿಸಬೇಕು. ಲೇಟೆಕ್ಸ್ ತುಂಬ ಗಟ್ಟಿ ಸ್ಥಿರವಾಗಿದ್ದರೆ ಕೂರುವುದಿಲ್ಲ, ನೀರು ಬೆಳ್ಳಗಾಗುತ್ತದೆ, ಆದರೆ ಗಂಟು ಕಟ್ಟುವುದಿಲ್ಲ. ತುಂಬ ಸಡಿಲವಾಗಿದ್ದರೆ ಗಂಟು ಕಟ್ಟುತ್ತದೆ, ಆದರೆ ನೀರು ತಿಳಿಯಾಗುತ್ತದೆ. ಒಂದೇ ಡ್ರಮ್ಮಿನ ಲೇಟೆಕ್ಸ್ ಒಂದೇ ಹೊತ್ತಿಗೆ ಎರಡೂ ಆಗುವುದಿಲ್ಲ. ಫೆಬ್ರುವರಿಯಲ್ಲಿ ಚೆನ್ನಾಗಿ ನಡೆದಿದ್ದ ಬ್ಯಾಚಿನ ಉಳಿಕೆ ಸ್ಯಾಂಪಲ್ ಇತ್ತು, ಅದರಿಂದ ಮಾಡಿದಾಗಲೂ ಅದೇ ದೋಷ. ಲೇಟೆಕ್ಸ್ ನಿರ್ದೋಷಿ.

ಎರಡನೆಯ ಅನುಮಾನ ಶುಕ್ರವಾರದ್ದು. ಪಿಂಪ್ರಿ ಚಿಂಚವಾಡ ಭಾಗದ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಬುಧವಾರ ರಾತ್ರಿ ನಿಂತ ಯಂತ್ರ ಶುಕ್ರವಾರ ಬೆಳಿಗ್ಗೆ ಚಾಲೂ ಆಗುತ್ತದೆ. ಶುಕ್ರವಾರದ ಮೊದಲ ಎರಡು ಮೂರು ಬೀಟರ್ ಅತ್ಯಂತ ಕೆಟ್ಟದಾಗಿ, ಸೋಮವಾರ, ಮಂಗಳವಾರ ಹೊತ್ತಿಗೆ ಪರವಾಗಿಲ್ಲ ಅನ್ನುವಂತೆ ನಡೆಯುತ್ತಿತ್ತು. ನಿಂತ ಬ್ಯಾಕ್‌ವಾಟರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಲೋಳೆ ಕಟ್ಟಿದೆ ಅಂತ ತಿಳಿದು ಬಯೋಸೈಡ್ ಹಾಕಿದರು, ಆಮೇಲೆ ಬುಧವಾರವೇ ಚೆಸ್ಟ್ (ಕಲಸಿದ ಸಾಮಗ್ರಿಯ ತೊಟ್ಟಿ), ಬ್ಯಾಕ್‌ವಾಟರ್ ತೊಟ್ಟಿ ಖಾಲಿ ಮಾಡಿ ತೊಳೆಯುವ ಕ್ರಮ ಹಾಕಿದರು. ಶುಕ್ರವಾರ ಇನ್ನಷ್ಟು ಹದಗೆಟ್ಟಿತು. ಈ ಹದಗೆಡುವಿಕೆಯೇ ದೊಡ್ಡ ಸುಳಿವು ಆಗಿತ್ತು. ತೊಟ್ಟಿ ಖಾಲಿ ಮಾಡಿದರೆ ಶುಕ್ರವಾರ ಬೀಟರ್ ತುಂಬುವುದು ಪೂರ್ತಿ ಹೊಸ ನೀರಿನಿಂದ. ವಾರ ಮುಂದುವರಿದಂತೆ ಆಲಂ ಇರುವ ಹುಳಿ ಬ್ಯಾಕ್‌ವಾಟರೇ ಸುತ್ತಿ ಸುತ್ತಿ ಬೀಟರಿಗೆ ಬರುತ್ತದೆ, ಹೊಸ ನೀರಿನ ಪಾಲು ಕಡಿಮೆಯಾಗುತ್ತದೆ. ದೋಷ ಹೊಸ ನೀರಿನ ಪಾಲಿನ ಜೊತೆ ಏರಿಳಿಯುತ್ತಿತ್ತು.

ಮೂರನೆಯದು ಆಲಂ ಹೆಚ್ಚಿಸುವುದು. ಬೀಟರ್ ನೋಡಿಕೊಳ್ಳುವವರು ಇಂಡಿ ಕಡೆಯ ಹಿರಿಯರು, ಕೆಮಿಸ್ಟ್ ಬೆಳಗಾವಿಯ ಹುಡುಗ. ಇಬ್ಬರ ನಡುವಿನ ಮಾತು ಪಾಳಿ ಪುಸ್ತಕಕ್ಕಿಂತ ಹೆಚ್ಚು ಹೇಳುತ್ತದೆ:

“ನೀರ ಇನ್ನೂ ಬೆಳ್ಳಗ ಅದ ನೋಡ್ರಿ ಸಾಹೇಬ್ರ. ಇನ್ನೊಂದು ಐದು ಕಿಲೋ ಆಲಂ ಹಾಕ್ಲೇನ್ರಿ?”

“ಪಿಎಚ್ ಎಷ್ಟ ಬಂತ್ರಿ ಕಾಕಾ?”

“ಆರು ದಾಟೇದ್ರಿ. ಮೊದಲ ಇಷ್ಟ ಆಲಂಕ್ಕ ನಾಕೂ ಮುಕ್ಕಾಲಿಗೆ ಇಳೀತಿತ್ತು.”

ಕಾಕಾ ಹೇಳಿದ ಆ ಕೊನೆಯ ಸಾಲೇ ರೋಗದ ಹೆಸರು. ಅಷ್ಟೇ ಆಲಂಗೆ ಪಿಎಚ್ ಇಳಿಯದಿದ್ದರೆ ಆಲಂ ಅನ್ನು ಬೇರೆ ಯಾವುದೋ ತಿನ್ನುತ್ತಿದೆ. ಆದರೂ ಆ ದಿನ ಐದು ಕಿಲೋ ಹೆಚ್ಚು ಹಾಕಿದರು. ನೀರು ತಿಳಿಯಾಯಿತು. ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಬಂದವು, ಗಂಟು ಹಾಗೆಯೇ ಉಳಿಯಿತು.

ನೀರಿನ ಲೆಕ್ಕ

ಏಪ್ರಿಲ್‌ವರೆಗೆ ಘಟಕಕ್ಕೆ ಎಂಐಡಿಸಿ ನಲ್ಲಿ ನೀರು. ಅದು ಪವನಾ ನದಿಯದು, ಸಹ್ಯಾದ್ರಿಯ ಮಳೆ ಅಣೆಕಟ್ಟೆಯಲ್ಲಿ ನಿಂತ ನೀರು, ಮೃದು. ಬೇಸಿಗೆಯಲ್ಲಿ ಪೂರೈಕೆ ಇಳಿದಾಗ ಕೊರತೆ ತುಂಬಲು ಟ್ಯಾಂಕರ್ ತರಿಸಿದರು. ಟ್ಯಾಂಕರ್ ತುಂಬುವುದು ಬೋರ್‌ವೆಲ್‌ನಿಂದ. ದಖ್ಖನಿನ ಕರಿಕಲ್ಲಿನ ಬಿರುಕುಗಳಲ್ಲಿ ನಿಂತ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬೊನೇಟ್ ಧಾರಾಳ. ವಿಜಯಪುರ ಕಡೆಯವರಿಗೆ ಸವಳು ನೀರು ಹೊಸದಲ್ಲ, ಸೋಪು ನೊರೆ ಕೊಡದೆ ಇರುವುದನ್ನು ಅವರು ಮನೆಯಲ್ಲೇ ನೋಡಿರುತ್ತಾರೆ. ಲೇಟೆಕ್ಸಿನಲ್ಲೂ ಸೋಪೇ ಇದೆ ಅನ್ನುವುದು ಮಾತ್ರ ತಲೆಗೆ ಬಂದಿರಲಿಲ್ಲ.

ಅಳೆದಾಗ ನಲ್ಲಿ ನೀರಿನ ಗಡಸುತನ (ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳತೆ) ಲೀಟರಿಗೆ 60 ಮಿ.ಗ್ರಾಂ., ಕ್ಷಾರೀಯತೆ (ಆಮ್ಲ ನುಂಗುವ ಬೈಕಾರ್ಬೊನೇಟಿನ ಅಳತೆ) 50. ಟ್ಯಾಂಕರ್ ನೀರಿನ ಗಡಸುತನ 400, ಕ್ಷಾರೀಯತೆ 350. ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ.

ಮೊದಲು ಕ್ಷಾರೀಯತೆ ನೋಡೋಣ. ಒಂದು ಕಿಲೋ ಆಲಂ ಅರ್ಧ ಕಿಲೋ ಕ್ಷಾರೀಯತೆಯ ಜೊತೆ ಸೇರಿ ಮುಗಿದುಹೋಗುತ್ತದೆ. ನಲ್ಲಿ ನೀರು 8,000 ಲೀಟರಿನಲ್ಲಿ ಕ್ಷಾರೀಯತೆ 0.4 ಕೆ.ಜಿ., ಅದು ತಿನ್ನುವ ಆಲಂ 0.8 ಕೆ.ಜಿ. ಹಾಕಿದ 10.8ರಲ್ಲಿ 10 ಕಿಲೋ ಲೇಟೆಕ್ಸ್ ಕೆಲಸಕ್ಕೆ ಸಿಗುತ್ತದೆ. ಟ್ಯಾಂಕರ್ ನೀರಿನಲ್ಲಿ ಕ್ಷಾರೀಯತೆ 2.8 ಕೆ.ಜಿ., ಅದು ತಿನ್ನುವುದು 5.6 ಕೆ.ಜಿ. ಉಳಿಯುವುದು 5.2. ಅರ್ಧ ಆಲಂ ನೀರಿನ ಪಾಲಾಯಿತು, ಪಿಎಚ್ 6ರ ಮೇಲೆ ನಿಂತಿತು, ಉಳಿದ ಅಲ್ಯುಮಿನಿಯಮ್ಮೂ ಲೋಳೆಯಾಯಿತು. ಲೇಟೆಕ್ಸಿನ ಒಂದು ಪಾಲು ಕೂರದೆ ವೈರ್ ದಾಟಿ ಹೋಯಿತು. ಬೆಳ್ಳನೆ ಬ್ಯಾಕ್‌ವಾಟರಿನ ಕಾರಣ ಇದು.

ಐದು ಕಿಲೋ ಆಲಂ ಹೆಚ್ಚು ಹಾಕಿದರೆ ಈ ಲೆಕ್ಕ ಸರಿಹೋಗುತ್ತದೆ ನಿಜ. ಆದರೆ 2.8 ಕಿಲೋ ಕ್ಷಾರೀಯತೆ ಮುರಿದಾಗ ಸುಮಾರು 2.5 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದೂ ನಾರು, ಕ್ಲೇ, ಲೇಟೆಕ್ಸ್ ಎಲ್ಲ ಸೇರಿದ ಮೇಲೆ. ಒಂದು ಪಾಲು ಬೀಟರಿನಲ್ಲೇ ನೊರೆಯಾಗಿ ಹೋಗುತ್ತದೆ. ಉಳಿದದ್ದು ನೀರಿನಲ್ಲಿ ಕರಗಿಯೇ ಯಂತ್ರದವರೆಗೆ ಬಂದು, ವೈರ್ ಕೆಳಗಿನ ಸಕ್ಷನ್ ಬಾಕ್ಸಿನ ನಿರ್ವಾತ ಸಿಕ್ಕ ಕೂಡಲೇ ಗುಳ್ಳೆಯಾಗಿ ಒಡೆಯುತ್ತದೆ. ಆ ಸೂಜಿತೂತುಗಳು ಬಂದದ್ದು ಅಲ್ಲಿಂದ.

ಗಂಟಿನ ಕಾರಣ ಬೇರೆ, ಅದು ಗಡಸುತನ. ಈ ಲೇಟೆಕ್ಸಿನ ಕಣಗಳನ್ನು ಬಿಡಿಬಿಡಿಯಾಗಿ ಇಡುವುದು ಕೊಬ್ಬಿನಾಮ್ಲದ ಸೋಪು. ಕ್ಯಾಲ್ಸಿಯಂ ಸಿಕ್ಕರೆ ಸೋಪು ಕರಗದ ಕ್ಯಾಲ್ಸಿಯಂ ಸೋಪಾಗುತ್ತದೆ, ಕಣದ ಕಾವಲು ಹೋಗುತ್ತದೆ. ಆಗ ಆಲಂ ಹಾಕುವ ಮೊದಲೇ, ನಾರು ಸಿಗುವ ಮೊದಲೇ, ಲೇಟೆಕ್ಸ್ ಹುಳಿ ಬಿದ್ದ ಹಾಲಿನ ಹಾಗೆ ತನ್ನಷ್ಟಕ್ಕೆ ಒಡೆದು ಗಡ್ಡೆ ಕಟ್ಟುತ್ತದೆ. ಈ ಘಟಕದಲ್ಲಿ ಲೇಟೆಕ್ಸನ್ನು ಹಾಕುವ ಮುನ್ನ ತೆಳು ಮಾಡುತ್ತಿದ್ದದ್ದೂ ಅದೇ ಟ್ಯಾಂಕರ್ ನೀರಿನಲ್ಲಿ. ತೆಳು ಮಾಡುವ ಡ್ರಮ್ಮಿನ ಗೋಡೆಗೆ ರಬ್ಬರ್ ಪೊರೆ ಕಟ್ಟಿದ್ದನ್ನು ವಾರಕ್ಕೊಮ್ಮೆ ಕಿತ್ತು ಎಸೆಯುತ್ತಿದ್ದರು, ಯಾರೂ ಬರೆದಿಟ್ಟಿರಲಿಲ್ಲ.

ಗಂಟು ಹಾಳೆಯಲ್ಲಿ ಹೇಗೆ ಕಾಣುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಅಕ್ಕಿಕಾಳಿನಷ್ಟು ಗಂಟು ಪ್ರೆಸ್ಸಿನಲ್ಲಿ ಚಪ್ಪಟೆಯಾಗಿ, ಬಿಸಿ ಸಿಲಿಂಡರಿನ ಮೇಲೆ ಅರೆಪಾರದರ್ಶಕ ಹಳದಿ ಚುಕ್ಕೆಯಾಗುತ್ತದೆ. ಸಿಲಿಂಡರಿಗೆ ಅಂಟಿದರೆ ಹಾಳೆಯ ಒಂದು ರೂಪಾಯಿ ನಾಣ್ಯದಷ್ಟು ಚೂರನ್ನು ಕಿತ್ತುಕೊಂಡು ಅಲ್ಲೇ ಕೂರುತ್ತದೆ, ಪ್ರತಿ ಸುತ್ತಿಗೂ ಇನ್ನೊಂದು ಚೂರು ಕೀಳುತ್ತದೆ. ತೂತುಗಳ ನಡುವಿನ ಅಂತರ ಟೇಪ್ ಹಿಡಿದು ಅಳೆದರೆ ಮೂಲ ಸಿಗುತ್ತದೆ. ಇಲ್ಲಿನ ಸಿಲಿಂಡರ್ ವ್ಯಾಸ 1.2 ಮೀಟರ್, ಸುತ್ತಳತೆ 3.77 ಮೀಟರ್. ಅಷ್ಟಷ್ಟೇ ದೂರಕ್ಕೆ ತೂತು ಮರುಕಳಿಸಿದರೆ ಗಂಟು ಸಿಲಿಂಡರಿಗೆ ಅಂಟಿದೆ. ಫೆಲ್ಟಿನ ಉದ್ದಕ್ಕೆ ಒಂದರಂತೆ ಬಂದರೆ ಫೆಲ್ಟಿನಲ್ಲಿದೆ. ಯಾವ ಲೆಕ್ಕಕ್ಕೂ ಸಿಗದೆ ಚೆಲ್ಲಾಪಿಲ್ಲಿಯಾಗಿದ್ದರೆ ಬೀಟರಿನಿಂದಲೇ ಬರುತ್ತಿದೆ. ಇಲ್ಲಿ ಮೂರೂ ಇದ್ದವು, ಚೆಲ್ಲಾಪಿಲ್ಲಿಯದು ಹೆಚ್ಚು.

ಸಾಫ್ಟ್‌ನರ್ ತಂದ ಅರ್ಧ ಉತ್ತರ

ನೀರು ಗಡಸು ಎಂದು ಗೊತ್ತಾದ ಮೇಲೆ ಬಾಡಿಗೆಗೆ ಸಾಫ್ಟ್‌ನರ್ ತಂದರು. ಅದರೊಳಗೆ ಗಡಸುತನ ಹಿಡಿಯುವ 150 ಲೀಟರ್ ರಾಳ. ಲೀಟರ್ ರಾಳಕ್ಕೆ 50 ಗ್ರಾಂ ಗಡಸುತನ ಹಿಡಿದರೆ ಒಟ್ಟು 7.5 ಕೆ.ಜಿ. ಒಂದು ಬೀಟರಿನ 8,000 ಲೀಟರಿನಲ್ಲಿ 3.2 ಕೆ.ಜಿ. ಇರುವುದರಿಂದ ಎರಡು ಬೀಟರಿಗೊಮ್ಮೆ ಉಪ್ಪುನೀರು ಬಿಟ್ಟು ರಾಳ ತೊಳೆಯಬೇಕು, ಸಲಕ್ಕೆ 20 ಕಿಲೋಗೂ ಮೇಲೆ ಉಪ್ಪು.

ಗಂಟು ನಿಂತಿತು. ಫೆಲ್ಟ್ ತೊಳೆಯುವ ಕೆಲಸ ಕಡಿಮೆಯಾಯಿತು. ಆದರೆ ಬ್ಯಾಕ್‌ವಾಟರ್ ಮೊದಲಿನಷ್ಟೇ ಬೆಳ್ಳಗಿತ್ತು, ಹಾಳೆಯ ಬಲವೂ ಏರಲಿಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದುಕೊಂಡು ಸೋಡಿಯಂ ಕೊಡುತ್ತದೆ, ಬೈಕಾರ್ಬೊನೇಟಿನ ತಂಟೆಗೆ ಹೋಗುವುದಿಲ್ಲ. ಕ್ಷಾರೀಯತೆ 350 ಇದ್ದದ್ದು 350 ಆಗಿಯೇ ಬೀಟರಿಗೆ ಬರುತ್ತಿತ್ತು. ಸಾಫ್ಟ್‌ನರ್ ಮಾರುವವರು ಈ ಮಾತನ್ನು ಹೇಳುವುದು ಅಪರೂಪ. ಬಾಯ್ಲರ್ ನೀರಿಗೆ ಗಡಸುತನವೇ ಮುಖ್ಯವಾದ್ದರಿಂದ ಅವರ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಆಲಂ ಬಳಸುವ ಘಟಕಕ್ಕೆ ಎರಡನ್ನೂ ಬೇರೆ ಬೇರೆ ಕೇಳಬೇಕು.

ಇದನ್ನು ಖಚಿತ ಮಾಡಿದ್ದು ಜಗ್ ಪರೀಕ್ಷೆ. ಮಾಡುವುದು ಸುಲಭ, ಅರ್ಧ ದಿನದ ಕೆಲಸ. ನಾಲ್ಕು ಜಗ್, ಪ್ರತಿಯೊಂದರಲ್ಲಿ ಒಂದು ಲೀಟರ್ ನಲ್ಲಿ ನೀರು. ಮೊದಲನೆಯದು ಹಾಗೆಯೇ. ಎರಡನೆಯದಕ್ಕೆ ಅಡುಗೆ ಸೋಡಾ 0.5 ಗ್ರಾಂ, ಅಂದರೆ ಕ್ಷಾರೀಯತೆ ಮಾತ್ರ 350ಕ್ಕೆ ಏರುತ್ತದೆ. ಮೂರನೆಯದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಹರಳು 0.5 ಗ್ರಾಂ, ಗಡಸುತನ ಮಾತ್ರ 400ಕ್ಕೆ ಏರುತ್ತದೆ. ನಾಲ್ಕನೆಯದಕ್ಕೆ ಎರಡೂ. ಎಲ್ಲಕ್ಕೂ ಒಣ ಲೆಕ್ಕದಲ್ಲಿ 30 ಗ್ರಾಂ ಸಾಮಗ್ರಿ: ಬೀಟ್ ಮಾಡಿ ಹಿಂಡಿದ ಪಲ್ಪ್ 6 ಗ್ರಾಂ, ಅರಾಮಿಡ್ 1.8, ಕ್ಲೇ 16.8, ಪೇಸ್ಟ್ 0.6, ಕೊನೆಗೆ ಶೇ. 40ರ ಲೇಟೆಕ್ಸ್ 12 ಗ್ರಾಂ. ಹತ್ತು ನಿಮಿಷ ಕಲಕಿ, ಶೇ. 10ರ ಆಲಂ ದ್ರಾವಣ 13.5 ಮಿ.ಲೀ. ಅನ್ನು ಐದು ನಿಮಿಷದಲ್ಲಿ ತೊಟ್ಟು ತೊಟ್ಟಾಗಿ ಬಿಡುವುದು.

ಮೊದಲ ಜಗ್ಗಿನ ನೀರು ತಿಳಿ, ಪಿಎಚ್ 4.7. ಎರಡನೆಯದರಲ್ಲಿ ಗಂಟಿಲ್ಲ, ನೀರು ಬೆಳ್ಳಗೆ, ಪಿಎಚ್ 6.1. ಮೂರನೆಯದರಲ್ಲಿ ನೀರು ತಿಳಿ, ಪಿಎಚ್ 4.7, ಕಲಕುವ ಕಡ್ಡಿಗೆ ರಬ್ಬರ್ ಗಂಟು ಸುತ್ತಿಕೊಂಡಿತ್ತು. ನಾಲ್ಕನೆಯದರಲ್ಲಿ ಎರಡೂ, ಶುಕ್ರವಾರದ ಬೀಟರ್ ಹೇಗಿತ್ತೋ ಹಾಗೆಯೇ. ಇಷ್ಟು ಕಂಡ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. ಟ್ಯಾಂಕರ್ ನೀರನ್ನೇ ತಂದು ನಲ್ಲಿ ನೀರಿನ ಜೊತೆ ಹೋಲಿಸಿದ್ದರೆ ನೀರೇ ಕಾರಣ ಅಂತ ಗೊತ್ತಾಗುತ್ತಿತ್ತೇ ಹೊರತು, ನೀರಿನಲ್ಲಿ ಯಾವುದು ಯಾವ ದೋಷ ತರುತ್ತಿದೆ ಎಂದು ತಿಳಿಯುತ್ತಿರಲಿಲ್ಲ.

ಸರಿಪಡಿಸಿದ ಕ್ರಮ

ಕ್ಷಾರೀಯತೆಯನ್ನು ಆಲಂನಿಂದ ಮುರಿಯುವುದು ಬಿಟ್ಟು ಗಂಧಕಾಮ್ಲದಿಂದ ಮುರಿಯುವುದು, ಅದೂ ನಾರು ಬೀಳುವ ಮುಂಚೆ. ಶೇ. 98ರ ಗಂಧಕಾಮ್ಲದ ಲೆಕ್ಕ ಬಾಯಿಪಾಠಕ್ಕೆ ಸುಲಭ: ಒಂದು ಕಿಲೋ ಕ್ಷಾರೀಯತೆಗೆ ಒಂದು ಕಿಲೋ ಆಮ್ಲ. ನಲ್ಲಿ ನೀರಿನ ಮಟ್ಟವಾದ 50 ಉಳಿಸಿಕೊಂಡು ಮಿಕ್ಕಿದ್ದನ್ನು ಮುರಿಯಬೇಕು. ಹಾಗಾಗಿ ಬೀಟರಿಗೆ ಬೇಕಾದ ಆಮ್ಲ ಗ್ರಾಮಿನಲ್ಲಿ, ಕ್ಷಾರೀಯತೆಯಿಂದ 50 ಕಳೆದು 8ರಿಂದ ಗುಣಿಸಿದಷ್ಟು. 350 ಇದ್ದರೆ 2,400 ಗ್ರಾಂ. ಇದನ್ನು ನೇರ ಸುರಿಯುವುದಲ್ಲ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಮಾರು 22 ಲೀಟರ್ ನೀರು ಇಟ್ಟು, ಆಮ್ಲವನ್ನು ನೀರಿಗೆ ನಿಧಾನ ಬಿಟ್ಟು, ತಣಿದ ಮೇಲೆ ಬೀಟರಿಗೆ ಹಾಕಬೇಕು. ನೀರನ್ನು ಆಮ್ಲಕ್ಕೆ ಎಂದೂ ಹಾಕಬಾರದು. ಕನ್ನಡಕ, ರಬ್ಬರ್ ಕೈಗವಸು, ಏಪ್ರನ್ ಇಲ್ಲದವರು ಆ ಡ್ರಮ್ ಮುಟ್ಟಬಾರದು, ಪಕ್ಕದಲ್ಲಿ ಹರಿಯುವ ನೀರಿನ ನಲ್ಲಿ ಇರಬೇಕು.

ಆಮ್ಲ ಬಿದ್ದ ಮೇಲೆ ಬೀಟರನ್ನು 20 ನಿಮಿಷ ಬರೀ ನೀರಿನಲ್ಲಿ ತಿರುಗಿಸಬೇಕು, ಅರೆಯುವ ರೋಲ್ ಎತ್ತಿ. ಹುಟ್ಟಿದ ಇಂಗಾಲದ ಡೈಆಕ್ಸೈಡ್ ಎರಡು ಕಿಲೋಗೂ ಮೇಲೆ ಇರುತ್ತದೆ. ಅದು ಹೋಗುವುದು ಈ ಹೊತ್ತಿನಲ್ಲಿ. ಬಾಗಿಲು ತೆರೆದಿರಲಿ. ಆಮ್ಲ ಬಿದ್ದ ಕೂಡಲೇ ಪಿಎಚ್ ನೋಡಿದರೆ ಕರಗಿದ ಅನಿಲದಿಂದಾಗಿ ಅಂಕಿ ತೀರ ಕೆಳಗೆ ಕಾಣುತ್ತದೆ, ಹೆದರಿ ಸೋಡಾ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಅನಿಲ ಹೋದ ಹಾಗೆ ಪಿಎಚ್ ತಾನೇ ಏರುತ್ತದೆ. ಈ ಹಂತದಲ್ಲಿ ನಂಬಬೇಕಾದದ್ದು ಕ್ಷಾರೀಯತೆಯ ಟೈಟ್ರೇಶನ್, ಅಂದರೆ ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಟ್ಟು ಅಳೆಯುವ ಪರೀಕ್ಷೆ.

ಆಮೇಲಿನದು ಹಳೆಯ ಕ್ರಮವೇ, ಎರಡು ತಿದ್ದುಪಡಿಯೊಂದಿಗೆ. ಪಲ್ಪನ್ನು ಶಾಪರ್ ರೀಗ್ಲರ್ (ಪಲ್ಪಿನಿಂದ ನೀರು ಎಷ್ಟು ನಿಧಾನ ಇಳಿಯುತ್ತದೆ ಅನ್ನುವ ಅಳತೆ) 28ರಿಂದ 30 ಡಿಗ್ರಿವರೆಗೆ ಬೀಟ್ ಮಾಡುವುದು, ರೋಲ್ ಎತ್ತಿ ಅರಾಮಿಡ್ ಪಲ್ಪ್ ಹಾಕಿ ಬಿಡಿಸುವುದಷ್ಟೇ, ಕ್ಲೇ, ಆಮೇಲೆ ಪೇಸ್ಟ್. ಲೇಟೆಕ್ಸನ್ನು ಸಾಫ್ಟ್‌ನರ್ ನೀರಿನಲ್ಲಿ ಮಾತ್ರ ಶೇ. 12ರ ಆಸುಪಾಸಿಗೆ ತೆಳು ಮಾಡಿ ಹತ್ತು ನಿಮಿಷದಲ್ಲಿ ಹಾಕುವುದು ಮೊದಲ ತಿದ್ದುಪಡಿ. ಆಲಂ ಎರಡನೆಯದು. ಮೊದಲು ಬಕೆಟ್ಟಿನಿಂದ ಸುರಿಯುತ್ತಿದ್ದರು. ಬಕೆಟ್ ಬಿದ್ದ ಜಾಗದಲ್ಲಿ ಆಲಂ ವಿಪರೀತವಾಗಿ, ಆ ಸುತ್ತಿನ ಲೇಟೆಕ್ಸ್ ನಾರು ಹುಡುಕುವ ಮೊದಲೇ ಒಂದಕ್ಕೊಂದು ಅಂಟಿ ಬೀಳುತ್ತಿತ್ತು. ಮೃದು ನೀರಿನ ದಿನಗಳಲ್ಲೂ ಅಲ್ಲೊಂದು ಇಲ್ಲೊಂದು ಗಂಟು ಬರುತ್ತಿದ್ದದ್ದು ಇದರಿಂದಲೇ. ಈಗ 10.8 ಕಿಲೋ ಆಲಂನ ಶೇ. 10ರ ದ್ರಾವಣವನ್ನು ಮೇಲಿನ ತೊಟ್ಟಿಯಿಂದ ತೂತು ಕೊರೆದ ಪೈಪಿನ ಮೂಲಕ, ಬೀಟರಿನಲ್ಲಿ ಸ್ಟಾಕ್ (ನೀರಿನಲ್ಲಿ ಕಲಸಿದ ಸಾಮಗ್ರಿ) ವೇಗವಾಗಿ ಓಡುವ ಕಡೆ, 25 ನಿಮಿಷದಲ್ಲಿ ಬಿಡುತ್ತಾರೆ. ಕೊನೆಯ ಪಿಎಚ್ 4.6ರಿಂದ 4.9.

ಕೂತಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಒಂದು ಮುಷ್ಟಿ ಸ್ಟಾಕ್ ಹಿಂಡಿ, ಬೆರಳ ಸಂದಿನಿಂದ ಬಂದ ನೀರನ್ನು ಟೆಸ್ಟ್ ಟ್ಯೂಬಿನಲ್ಲಿ ಹಿಡಿದು, ಅದರ ಹಿಂದೆ ಸುದ್ದಿಪತ್ರಿಕೆ ಇಟ್ಟರೆ ಸಣ್ಣಕ್ಷರ ಓದಲು ಬರಬೇಕು. ಹಿಂಡಿದ ಉಂಡೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರೆ ಸಣ್ಣ ಮರಳಿನಷ್ಟು ಬಿಡಿಯಾಗಿ ಹೋಗಬೇಕು. ಎಳೆ ಎಳೆಯಾಗಿ ಹಿಗ್ಗಿದರೆ ಲೇಟೆಕ್ಸ್ ಗುಂಪು ಕಟ್ಟಿದೆ ಎಂದು ಅರ್ಥ. ಕಾಕಾ ಇದನ್ನು ಪಿಎಚ್ ಮೀಟರಿಗಿಂತ ಮೊದಲೇ ಹೇಳುತ್ತಾರೆ, ಮೀಟರ್ ಅವರ ಮಾತನ್ನು ಅಂಕಿಯಲ್ಲಿ ಬರೆಯುತ್ತದೆ ಅಷ್ಟೆ.

ಯಂತ್ರದ ಕಡೆ ಉಳಿದಿದ್ದು

ಬೀಟರ್ ಸರಿಯಾದ ಮೇಲೂ ಸ್ಟಾಕನ್ನು ವೈರ್ ಮೇಲೆ ಹರಡುವ ಹೆಡ್‌ಬಾಕ್ಸಿನಲ್ಲಿ ಪಿಎಚ್ 5.6 ಬರುತ್ತಿತ್ತು. ವೈರ್ ಮತ್ತು ಫೆಲ್ಟ್ ತೊಳೆಯುವ ಶವರ್‌ಗಳು ಇನ್ನೂ ಟ್ಯಾಂಕರ್ ನೀರಿನಲ್ಲೇ ಇದ್ದವು, ಆ ನೀರು ಬ್ಯಾಕ್‌ವಾಟರಿಗೆ ಸೇರಿ, ಸ್ಟಾಕನ್ನು ಶೇ. 1ಕ್ಕೆ ತೆಳು ಮಾಡುವಾಗ ವಾಪಸು ಬರುತ್ತಿತ್ತು. ಕೂತ ಲೇಟೆಕ್ಸ್ ಅಲ್ಲಿ ಸಡಿಲವಾಗಿ, ಫ್ಯಾನ್ ಪಂಪಿನ ಹೊಡೆತಕ್ಕೆ ಒಂದಿಷ್ಟು ಉದುರುತ್ತಿತ್ತು. ವೈರ್ ಶವರಿಗೆ ಸೋಸಿದ ಬ್ಯಾಕ್‌ವಾಟರ್ ಕೊಟ್ಟು, ಅಂಚು ಕತ್ತರಿಸುವ ಸಣ್ಣ ನೀರಿನ ಗೆರೆಗೆ ಮತ್ತು ಫೆಲ್ಟಿಗೆ ಮಾತ್ರ ಆಮ್ಲ ಹಾಕಿದ ಸಾಫ್ಟ್‌ನರ್ ನೀರು ಇಟ್ಟರು. ಉದುರಿದ ಕಣಗಳನ್ನು ಹಿಡಿದಿಡಲು ಧನ ವಿದ್ಯುದಂಶದ ಪಾಲಿಮರ್ ಆದ ಕ್ಯಾಟಯಾನಿಕ್ ಪಾಲಿಅಕ್ರಿಲಮೈಡನ್ನು ಫ್ಯಾನ್ ಪಂಪ್ ದಾಟಿದ ಮೇಲೆ, ಹೆಡ್‌ಬಾಕ್ಸಿಗೆ ಹತ್ತಿರ, ಒಣ ಸಾಮಗ್ರಿಯ ಶೇ. 0.02ರಷ್ಟು ಬಿಡಲಾಗುತ್ತದೆ. ಇದಕ್ಕಿಂತ ಹೆಚ್ಚಾದರೆ ಹಾಳೆ ಬೆಳಕಿಗೆ ಹಿಡಿದಾಗ ಮೋಡ ಮೋಡವಾಗಿ ಕಾಣುತ್ತದೆ, ದಪ್ಪ ಒಂದೇ ಸಮ ಬರುವುದಿಲ್ಲ.

ಡ್ರೈಯರಿನಲ್ಲಿ ಮೊದಲ ಎರಡು ಸಿಲಿಂಡರ್ 65ರಿಂದ 75 ಡಿಗ್ರಿ ಸೆಲ್ಸಿಯಸ್, ಹಿಂದಿನವು ಹಂತಹಂತವಾಗಿ 115ರವರೆಗೆ. ಉತ್ಪಾದನೆ ಹೆಚ್ಚಿಸಲು ಮೊದಲನೆಯದನ್ನೇ ಬಿಸಿ ಮಾಡಿದರೆ ಒದ್ದೆ ರಬ್ಬರ್ ಜಿಗುಟಾಗಿ ಅಂಟುತ್ತದೆ, ಒಳಗಿನ ಆವಿ ಪದರ ಬಿಡಿಸುತ್ತದೆ. ಒದ್ದೆಯಲ್ಲಿ ಹರಿದ ಚೂರು ಬೀಟರಿಗೆ ಮರಳಿ ಹೋಗಬಹುದು. ಡ್ರೈಯರ್ ದಾಟಿದ ಚೂರಿನಲ್ಲಿ ರಬ್ಬರ್ ಪೊರೆ ಕೂಡಿಬಿಟ್ಟಿರುತ್ತದೆ, ಅದು ನೀರಿನಲ್ಲಿ ಬಿಡುವುದಿಲ್ಲ. ಅದನ್ನು ಬೀಟರಿಗೆ ಸೇರಿಸಿ ಉಳಿತಾಯ ಅಂದುಕೊಂಡರೆ ಗಂಟಿನ ರಗಳೆ ಮತ್ತೆ ಶುರು.

ಸೋಪಿನ ಬದಲು ಸಲ್ಫೋನೇಟ್‌ನಿಂದ ಸ್ಥಿರ ಮಾಡಿದ ಲೇಟೆಕ್ಸ್ ಕೊಂಡರೆ ಸಾಫ್ಟ್‌ನರ್ ಬೇಡ ಅನ್ನುವ ಸಲಹೆಯೂ ಬಂತು. ಕ್ಯಾಲ್ಸಿಯಂ ಅದನ್ನು ಅಷ್ಟಾಗಿ ಒಡೆಯುವುದಿಲ್ಲ, ನಿಜ. ಆದರೆ ಅದು ಕೂರಲು ಆಲಂ ಹೆಚ್ಚು ಕೇಳುತ್ತದೆ, ನೊರೆಯೂ ಹೆಚ್ಚು. ಬೇಸಿಗೆಯ ಎರಡು ತಿಂಗಳ ನೀರಿಗಾಗಿ ವರ್ಷಪೂರ್ತಿಯ ಪಾಕ ಬದಲಿಸುವುದು ಜಾಣತನವಲ್ಲ. ಗಡಸುತನ ಹಿಡಿದಿಡಲು ಹೆಕ್ಸಾಮೆಟಾಫಾಸ್ಫೇಟ್ ಹಾಕುವುದು ಇನ್ನೂ ಕೆಟ್ಟದು, ಅದು ಆಲಂನ ಅಲ್ಯುಮಿನಿಯಮ್ಮನ್ನೂ ಹಿಡಿದುಕೊಳ್ಳುತ್ತದೆ.

ಹಾಳೆಯ ಎಳೆತದ ಬಲ ಮಾರ್ಚಿನಲ್ಲಿ 10 ಮೆಗಾಪ್ಯಾಸ್ಕಲ್ ಇದ್ದದ್ದು ಕೆಟ್ಟ ಶುಕ್ರವಾರಗಳಲ್ಲಿ 6.5ಕ್ಕೆ ಇಳಿದಿತ್ತು. ಹೊಸ ಕ್ರಮದಲ್ಲಿ 9.8ಕ್ಕೆ ಬಂತು. ಐಆರ್‌ಎಂ 903 ಎಂಬ ಪರೀಕ್ಷೆಯ ಎಣ್ಣೆಯಲ್ಲಿ 150 ಡಿಗ್ರಿಗೆ 5 ಗಂಟೆ ಇಟ್ಟಾಗಿನ ದಪ್ಪದ ಏರಿಕೆಯೂ ಮೊದಲಿನ ಮಟ್ಟಕ್ಕೆ ಮರಳಿತು. ಎಎಸ್‌ಟಿಎಂ ಎಫ್36 ಪರೀಕ್ಷಾ ಮಾನದಂಡದ ಪ್ರಕಾರದ ಕುಗ್ಗುವಿಕೆಯ ಅಂಕಿ ಇಡೀ ಅವಧಿಯಲ್ಲಿ ಹೆಚ್ಚು ಅಲುಗಾಡಿರಲಿಲ್ಲ. ಗುಣಮಟ್ಟದ ಮೇಜಿನಲ್ಲಿ ಆ ಒಂದೇ ಪರೀಕ್ಷೆ ನಿತ್ಯ ನಡೆಯುತ್ತಿದ್ದದ್ದರಿಂದಲೇ ಕೆಟ್ಟ ಹಾಳೆ ಚಾಕಣದವರೆಗೆ ಹೋಯಿತು. ಈಗ ಪ್ರತಿ ರೋಲಿನ ಮೊದಲ ಹಾಳೆಗೆ ಎಫ್152 ಎಳೆತದ ಪರೀಕ್ಷೆ ಆಗುತ್ತದೆ, ಒಂದು ತೂತು ಡೈ ಹೊಡೆದು ಅಂಚನ್ನು ಲೆನ್ಸಿನಲ್ಲಿ ನೋಡುತ್ತಾರೆ.

ಟ್ಯಾಂಕರ್ ಗೇಟಿಗೆ ಬಂದಾಗ 100 ಮಿ.ಲೀ. ನೀರಿಗೆ ಬಣ್ಣ ಬದಲಿಸಿ ಸೂಚಿಸುವ ಮಿಥೈಲ್ ಆರೆಂಜ್ ಹಾಕಿ, 0.02 ನಾರ್ಮಲ್ ಗಂಧಕಾಮ್ಲದಿಂದ ಟೈಟ್ರೇಟ್ ಮಾಡುವುದು ಕೆಮಿಸ್ಟ್ ಕೆಲಸ. ಖರ್ಚಾದ ಮಿ.ಲೀ.ನ ಹತ್ತು ಪಟ್ಟು ಕ್ಷಾರೀಯತೆ. ಗಡಸುತನಕ್ಕೆ 0.01 ಮೋಲಾರ್ ಇಡಿಟಿಎ, ಲೆಕ್ಕ ಅದೇ, ಕೆಂಪು ಬಣ್ಣ ನೀಲಿಗೆ ತಿರುಗಿದಲ್ಲಿ ನಿಲ್ಲಿಸಬೇಕು. ಬೀಟರ್ ಪಕ್ಕದ ಗೋಡೆಯ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಬರೆದಿಟ್ಟಿದ್ದಾರೆ: 20 ಮಿ.ಲೀ. ಬಂದರೆ ಆಮ್ಲ 1,200 ಗ್ರಾಂ, 25ಕ್ಕೆ 1,600, 30ಕ್ಕೆ 2,000, 35ಕ್ಕೆ 2,400, 40ಕ್ಕೆ 2,800. ಈ ಅಂಕಿಗಳು ಬೀಟರ್ ಪೂರ್ತಿ ಹೊಸ ನೀರಿನಿಂದ ತುಂಬಿದಾಗಿನವು. ಅರ್ಧ ಬ್ಯಾಕ್‌ವಾಟರ್ ಇದ್ದರೆ ಅರ್ಧ.

ಜುಲೈ ಹೊತ್ತಿಗೆ ಪವನಾ ನೀರು ಮರಳಿ ಸಿಕ್ಕಿದಾಗ ಟೈಟ್ರೇಶನ್ 5 ಮಿ.ಲೀ.ಗೆ ನಿಲ್ಲುತ್ತದೆ, ಆಮ್ಲ ಸೊನ್ನೆ. ಇಲ್ಲಿ ಅಭ್ಯಾಸಬಲದಿಂದ ಆಮ್ಲ ಹಾಕಿದರೆ ಬೀಟರ್ ನೀರು ಪಿಎಚ್ 3ರ ಆಸುಪಾಸಿಗೆ ಬೀಳುತ್ತದೆ, ಸೋಪು ಆಮ್ಲದಲ್ಲೇ ಕೊಬ್ಬಿನಾಮ್ಲವಾಗಿ ಬೇರ್ಪಟ್ಟು, ಲೇಟೆಕ್ಸ್ ಆಲಂ ಕಾಣುವ ಮೊದಲೇ ಗಂಟು ಕಟ್ಟುತ್ತದೆ, ಬೇಸಿಗೆಯದೇ ದೋಷ ಮಳೆಗಾಲದಲ್ಲಿ ಬೇರೆ ಕಾರಣಕ್ಕೆ. ಅದಕ್ಕೇ ಆಮ್ಲದ ಡ್ರಮ್ಮಿನ ಬೀಗದ ಕೀಲಿ ಕೆಮಿಸ್ಟ್ ಬಳಿ ಇದೆ, ಆ ದಿನದ ಟೈಟ್ರೇಶನ್ ಅಂಕಿ ಪಾಳಿ ಪುಸ್ತಕದಲ್ಲಿ ಬರೆಯುವವರೆಗೆ ಅದು ತೆರೆಯುವುದಿಲ್ಲ.